ಆಫೀಸಿನಲ್ಲಿ ಕಾಣುವ ಮೇಲ್ ಫೋನಿನಲ್ಲಿ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜದ ಕಾರ್ಖಾನೆ ಇದೆ. ಸ್ವಂತ ಡೊಮೇನ್ ಹೆಸರಿನ ಇಮೇಲ್ 13 ವರ್ಷದಿಂದ ನಡೆಯುತ್ತಿದೆ. ಆಫೀಸಿನ ಕಂಪ್ಯೂಟರಿನಲ್ಲಿ ಔಟ್‌ಲುಕ್, ಮನೆಯ ಲ್ಯಾಪ್‌ಟಾಪಿನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಮ್ ಹಾಕಿದ್ದೇವೆ. ಈಗ ಮಗಳೂ ವ್ಯವಹಾರ ನೋಡಿಕೊಳ್ಳುತ್ತಿದ್ದಾಳೆ, ಅವಳಿಗೆ ಫೋನಿನಲ್ಲಿ ಮೇಲ್ ಬೇಕು. ಆದರೆ ಆಫೀಸಿಗೆ ಬಂದ ಎಷ್ಟೋ ಮೇಲ್ ಫೋನಿನಲ್ಲಿ ಇರುವುದೇ ಇಲ್ಲ. ನಾನು ಆಫೀಸಿನಿಂದ ಕಳಿಸಿದ ಉತ್ತರ ಅವಳಿಗೆ ಕಾಣುವುದಿಲ್ಲ. ಹೋದ ತಿಂಗಳು ಒಂದೇ ಪಾರ್ಟಿಗೆ ನಾವಿಬ್ಬರೂ ಬೇರೆ ಬೇರೆ ರೇಟ್ ಕೊಟ್ಟುಬಿಟ್ಟೆವು. ಕೆಲವೊಮ್ಮೆ ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಮತ್ತೆ ಕೇಳುತ್ತದೆ. ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ 'ಪಾಪ್ ತೆಗೆದು ಐಮ್ಯಾಪ್ ಹಾಕಿದರೆ ಸರಿಯಾಗುತ್ತದೆ' ಅನ್ನುತ್ತಾನೆ. ಎರಡಕ್ಕೂ ಏನು ವ್ಯತ್ಯಾಸ? ಬದಲಿಸಿದರೆ ಹಳೆ ಮೇಲ್ ಹೋಗುತ್ತದೆಯೇ? ಸರ್ವರಿನಲ್ಲಿ ನಮಗೆ ಕೊಟ್ಟ ಜಾಗ 5 ಜಿಬಿ. ಆಫೀಸ್ ಕಂಪ್ಯೂಟರಿನಲ್ಲಿ ಇರುವ ಮೇಲ್ 11 ಜಿಬಿ.

ಉತ್ತರ: ಆ ಹುಡುಗ ಹೇಳಿದ್ದು ಸರಿ. ಆದರೆ ಇವತ್ತೇ ಬದಲಿಸಲು ಬಿಡಬೇಡಿ. ನೀವು ಕೊನೆಯಲ್ಲಿ ಬರೆದ ಎರಡು ಅಂಕೆ ನೋಡಿ ನನಗೆ ಹೆದರಿಕೆಯಾಯಿತು. ಸರ್ವರಿನಲ್ಲಿ, ಅಂದರೆ ಮೇಲ್ ಕೊಟ್ಟವರ ಕಂಪ್ಯೂಟರಿನಲ್ಲಿ, ಹಿಡಿಸುವುದೇ 5 ಜಿಬಿ, ಆಫೀಸಿನಲ್ಲಿ ಇರುವುದು 11 ಜಿಬಿ. ಅಂದರೆ ಕಡಿಮೆ ಅಂದರೂ 6 ಜಿಬಿಯಷ್ಟು ಮೇಲ್ ಸರ್ವರಿನಲ್ಲಿ ಇಲ್ಲವೇ ಇಲ್ಲ. 13 ವರ್ಷದ ವ್ಯವಹಾರದ ಅರ್ಧಕ್ಕಿಂತ ಜಾಸ್ತಿ ಒಂದು ಹಾರ್ಡ್‌ಡಿಸ್ಕಿನ ಒಳಗೆ ಕೂತಿದೆ. ಮೊದಲು ಅದನ್ನು ಕಾಪಾಡಿಕೊಳ್ಳಬೇಕು, ಉಳಿದದ್ದು ಆಮೇಲೆ.

ಪಾಪ್, ಐಮ್ಯಾಪ್ ಅಂದ ಕೂಡಲೇ ಎಲ್ಲರೂ ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮೇಲ್‌ನ ಅಸಲು ಎಲ್ಲಿದೆ? ಜಾಗದ ಕಾಗದಪತ್ರದಲ್ಲಿ ಅಸಲು ಯಾವುದು, ನಕಲು ಯಾವುದು ಎಂದು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಸಲು ಕಪಾಟಿನಲ್ಲಿ ಬೀಗ ಹಾಕಿ ಇಡುತ್ತೇವೆ, ಹೊರಗೆ ಒಯ್ಯುವುದು ಜೆರಾಕ್ಸ್. ಮೇಲ್ ವಿಷಯದಲ್ಲಿ ಮಾತ್ರ ಅದನ್ನು ಕೇಳಿಕೊಳ್ಳುವುದೇ ಇಲ್ಲ. ಪಾಪ್‌ನಲ್ಲಿ ಅಸಲು ನಿಮ್ಮ ಕಂಪ್ಯೂಟರಿಗೆ ಬಂದು ಕೂರುತ್ತದೆ. ಐಮ್ಯಾಪ್‌ನಲ್ಲಿ ಅಸಲು ಸರ್ವರಿನಲ್ಲೇ ಉಳಿಯುತ್ತದೆ, ಕಂಪ್ಯೂಟರ್, ಲ್ಯಾಪ್‌ಟಾಪ್, ಫೋನು ಎಲ್ಲದರಲ್ಲೂ ಇರುವುದು ನಕಲು. ನಿಮಗೆ ಬಂದ ಒಂದೊಂದು ತೊಂದರೆಯ ಬೇರೂ ಇಲ್ಲೇ ಇದೆ.

ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ಮೇಲ್ ಕಳಿಸುವ ಕೆಲಸ ಪಾಪ್‌ನದ್ದೂ ಅಲ್ಲ, ಐಮ್ಯಾಪ್‌ನದ್ದೂ ಅಲ್ಲ. ಅದಕ್ಕೆ ಎಸ್‌ಎಂಟಿಪಿ ಎನ್ನುವ ಬೇರೆ ಪ್ರೋಟೋಕಾಲ್ (ಕಂಪ್ಯೂಟರುಗಳು ಮಾತಾಡಿಕೊಳ್ಳುವ ಕ್ರಮ) ಇದೆ, 1982ರದ್ದು. ದುಬೈಯ ಪಾರ್ಟಿ ಮೇಲ್ ಹಾಕಿದರೆ ಅದು ಎಸ್‌ಎಂಟಿಪಿ ದಾರಿಯಲ್ಲಿ ನಿಮ್ಮ ಮೇಲ್ ಸರ್ವರಿನವರೆಗೆ ಬಂದು ನಿಲ್ಲುತ್ತದೆ. ಆಗ ನಿಮ್ಮ ಕಂಪ್ಯೂಟರ್ ಆಫ್ ಆಗಿದ್ದರೂ ಪರವಾಗಿಲ್ಲ. ಅಲ್ಲಿಂದ ಕಾರ್ಕಳದ ನಿಮ್ಮ ಮೇಜಿನವರೆಗೆ ಕೊನೆಯ ತುಂಡು ದಾರಿ ಉಳಿಯಿತಲ್ಲ, ಅಷ್ಟಕ್ಕೆ ಮಾತ್ರ ಪಾಪ್ ಅಥವಾ ಐಮ್ಯಾಪ್.

ಪಾಪ್ ಅಂದರೆ ಪೋಸ್ಟ್ ಆಫೀಸ್ ಪ್ರೋಟೋಕಾಲ್. ಮೊದಲು ಬಂದದ್ದು 1984ರಲ್ಲಿ. ಈಗ ಎಲ್ಲ ಕಡೆ ಇರುವ ಪಾಪ್3 ಬಂದದ್ದು 1988ರಲ್ಲಿ, 1996ರಲ್ಲಿ ಅದನ್ನು ತಿದ್ದಿ ಬರೆದರು. ಆ ರೂಪವೇ ಇವತ್ತಿಗೂ ನಡೆಯುತ್ತಿದೆ. ಹೆಸರು ಸರಿಯಾಗಿಯೇ ಇಟ್ಟಿದ್ದಾರೆ. ಅಂಚೆ ಕಚೇರಿಗೆ ಹೋಗಿ, ನಮ್ಮ ಹೆಸರಿಗೆ ಬಂದ ಕಾಗದ ಎಲ್ಲ ಕೇಳಿ ತೆಗೆದುಕೊಂಡು, ಚೀಲಕ್ಕೆ ಹಾಕಿ ಮನೆಗೆ ತಂದ ಹಾಗೆ. ಆ ಕಾಲಕ್ಕೆ ಅದೇ ಸರಿ. ನಮ್ಮ ದೇಶದಲ್ಲಿ ಇಂಟರ್‌ನೆಟ್ ಜನರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಡಯಲ್-ಅಪ್ ನೆನಪಿದೆ ಅಲ್ವಾ? ಮೋಡೆಮ್ ಕಿರುಚುತ್ತಿತ್ತು, ಮನೆಯ ಫೋನ್ ಎಂಗೇಜ್ ಆಗುತ್ತಿತ್ತು, ಕೂತಷ್ಟು ಹೊತ್ತೂ ಬಿಲ್ ಏರುತ್ತಿತ್ತು. ಬೇಗ ಕನೆಕ್ಟ್ ಮಾಡಿ, ಇದ್ದ ಮೇಲ್ ಎಲ್ಲ ಇಳಿಸಿಕೊಂಡು, ಲೈನ್ ಕತ್ತರಿಸಿ, ಆಮೇಲೆ ಚಾ ಕುಡಿಯುತ್ತಾ ಓದುವುದು. ಪಾಪ್ ಹೇಳಿ ಮಾಡಿಸಿದ ಹಾಗಿತ್ತು.

ಇಳಿಸಿಕೊಳ್ಳುವ ಹೊತ್ತಿನಲ್ಲಿ ನಿಮ್ಮ ಔಟ್‌ಲುಕ್ ಮತ್ತು ಸರ್ವರ್ ಏನು ಮಾತಾಡಿಕೊಳ್ಳುತ್ತವೆ ಎಂದು ಕಿವಿಗೊಟ್ಟು ಕೇಳೋಣ. ಔಟ್‌ಲುಕ್ 'ಯೂಸರ್' ಎಂದು ಹೆಸರು ಹೇಳುತ್ತದೆ. 'ಪಾಸ್' ಎಂದು ಪಾಸ್‌ವರ್ಡ್ ಕೊಡುತ್ತದೆ. ಸರ್ವರ್ 'ಓಕೆ' ಅನ್ನುತ್ತದೆ. 'ಸ್ಟಾಟ್' ಅಂದರೆ ಒಟ್ಟು ಎಷ್ಟು ಮೇಲ್, ಎಷ್ಟು ಬೈಟ್ ಎಂದು ಎರಡು ಅಂಕೆ ಬರುತ್ತದೆ. 7 ಮೇಲ್ ಇದೆ ಎಂದಿಟ್ಟುಕೊಳ್ಳಿ. 'ರೆಟ್ರ್ 1' ಅಂದರೆ ಒಂದನೇ ಮೇಲ್ ಇಡಿಯಾಗಿ ಬರುತ್ತದೆ, ಅಟ್ಯಾಚ್‌ಮೆಂಟ್ ಸಮೇತ. ಹೀಗೆ ಏಳನೆಯದರವರೆಗೆ. ಆಮೇಲೆ 'ಡೆಲೆ 1', 'ಡೆಲೆ 2' ಎಂದು ಒಂದೊಂದಕ್ಕೂ ಅಳಿಸುವ ಗುರುತು. ಕೊನೆಗೆ 'ಕ್ವಿಟ್'. ಗುರುತು ಹಾಕಿದ್ದು ನಿಜವಾಗಿ ಅಳಿಯುವುದು ಈ ಕ್ವಿಟ್ ಹೇಳಿದ ಮೇಲೆಯೇ. ನಡುವೆ ಕರೆಂಟ್ ಹೋದರೆ, ಲೈನ್ ಕಡಿದರೆ, ಸರ್ವರಿನಲ್ಲಿ ಒಂದೂ ಅಳಿಯುವುದಿಲ್ಲ. ಮಾಡಿದವರು ಎಷ್ಟು ಜಾಗ್ರತೆಯವರು ನೋಡಿ. ಅರ್ಧ ದಾರಿಯಲ್ಲಿ ಯಾರ ಕಾಗದವೂ ಕಳೆಯಬಾರದು ಎಂದು ಅಷ್ಟು ಹಿಂದೆಯೇ ಯೋಚಿಸಿದ್ದಾರೆ.

ಹೆಚ್ಚು ಕಡಿಮೆ ಇಷ್ಟೇ ಪಾಪ್‌ನ ಭಾಷೆ. ಇದರಲ್ಲಿ ಯಾವ ಮಾತು ಇಲ್ಲ ಎನ್ನುವುದನ್ನು ಗಮನಿಸಿ. ಫೋಲ್ಡರ್ ಎನ್ನುವ ಮಾತೇ ಇಲ್ಲ. 'ಇದನ್ನು ಓದಿ ಆಗಿದೆ' ಎಂದು ಸರ್ವರಿಗೆ ತಿಳಿಸುವ ಮಾತಿಲ್ಲ. 'ಇದಕ್ಕೆ ಉತ್ತರ ಕೊಟ್ಟಾಯಿತು' ಎನ್ನುವುದಕ್ಕೂ ಇಲ್ಲ. ನೀವು ಕಳಿಸಿದ ಮೇಲ್‌ನ ಒಂದು ಪ್ರತಿಯನ್ನು ಸರ್ವರಿನಲ್ಲಿ ಇಟ್ಟುಕೋ ಎನ್ನಲು ಸಹ ಮಾತಿಲ್ಲ. ಹಾಗಾಗಿ ನೀವು ಆಫೀಸಿನಿಂದ ಕೊಟ್ಟ ರೇಟು ಆಫೀಸ್ ಕಂಪ್ಯೂಟರಿನ ಸೆಂಟ್ ಫೋಲ್ಡರಿನಲ್ಲಿ ಮಾತ್ರ ಉಳಿಯಿತು. ಮಗಳು ಫೋನಿನಲ್ಲಿ ನೋಡಿದಾಗ ಪಾರ್ಟಿಯ ಮೇಲ್ ಉತ್ತರ ಕೊಡದ ಮೇಲ್ ಹಾಗೆಯೇ ಕಂಡಿತು. ಅವಳು ಉತ್ತರ ಕೊಟ್ಟದ್ದು ತಪ್ಪಲ್ಲ. ಪಾಪ್ ಇಟ್ಟುಕೊಂಡು ಯಾವ ಸೆಟ್ಟಿಂಗ್ ತಿರುಗಿಸಿದರೂ ಇದು ಸರಿಯಾಗುವುದಿಲ್ಲ. ಆ ಮಾತು ಆ ಭಾಷೆಯಲ್ಲಿ ಇಲ್ಲ, ಅಷ್ಟೇ.

ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುವುದಕ್ಕೂ ಕಾರಣ ಇಲ್ಲೇ ಇರಬಹುದು. ಪಾಪ್‌ನಲ್ಲಿ ಒಬ್ಬರು ಒಳಗೆ ಹೋದ ಕೂಡಲೇ ಸರ್ವರ್ ಆ ಮೇಲ್‌ಬಾಕ್ಸಿಗೆ ಬೀಗ ಹಾಕುತ್ತದೆ. ಆಫೀಸಿನ ಔಟ್‌ಲುಕ್ ಇಳಿಸಿಕೊಳ್ಳುತ್ತಿರುವ ಹೊತ್ತಿಗೇ ಮನೆಯ ಥಂಡರ್‌ಬರ್ಡ್ ಬಾಗಿಲು ತಟ್ಟಿದರೆ 'ಈಗ ಆಗುವುದಿಲ್ಲ' ಎಂದು ವಾಪಸ್ ಕಳಿಸುತ್ತದೆ. ಲಾಗಿನ್ ಆಗಲಿಲ್ಲ ಎನ್ನುವುದನ್ನೇ ಕೆಲವು ಪ್ರೋಗ್ರಾಮ್‌ಗಳು ಪಾಸ್‌ವರ್ಡ್ ತಪ್ಪು ಎಂದು ತಿಳಿದು ಮತ್ತೆ ಕೇಳುತ್ತವೆ. ನಿಮ್ಮ ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ.

ಇನ್ನು ಫೋನಿನಲ್ಲಿ ಕೆಲವು ಮೇಲ್ ಇದೆ, ಕೆಲವು ಇಲ್ಲ ಎನ್ನುವುದು. ಔಟ್‌ಲುಕ್‌ನ ಪಾಪ್ ಅಕೌಂಟಿನಲ್ಲಿ ಸರ್ವರಿನಲ್ಲಿ ಒಂದು ಪ್ರತಿ ಬಿಡಬೇಕೇ ಎಂಬ ಆಯ್ಕೆ ಇದೆ. ಅದರ ಕೆಳಗೇ, ಇಷ್ಟು ದಿನದ ನಂತರ ತೆಗೆದುಹಾಕಿ ಎಂದು ಇನ್ನೊಂದು. ಅಲ್ಲಿ ಸಾಮಾನ್ಯವಾಗಿ ಇರುವುದು 14 ದಿನ. ಯಾರೂ ಮುಟ್ಟದೆ ಹಾಗೇ ಬಿಟ್ಟಿರುತ್ತಾರೆ. ನಿಮ್ಮಲ್ಲೂ ಹಾಗೇ ಇದ್ದರೆ, ಎರಡು ವಾರ ಕಳೆದ ಮೇಲ್ ಎಲ್ಲವನ್ನೂ ಆಫೀಸಿನ ಔಟ್‌ಲುಕ್ ಸರ್ವರಿನಿಂದ ಅಳಿಸುತ್ತಾ ಬಂದಿದೆ. ಮಗಳಿಗೆ ಕಾಣುವುದು ಆ ಎರಡು ವಾರದ್ದು ಮಾತ್ರ. ಹಾಗಾದರೆ ನಾನು ಮೇಲೆ 6 ಜಿಬಿ ಅಂದದ್ದೂ ಕಡಿಮೆಯಾಯಿತು. ಹೆಚ್ಚುಕಡಿಮೆ 11 ಜಿಬಿಯೂ ಆ ಒಂದೇ ಡಿಸ್ಕಿನಲ್ಲಿದೆ.

ಸರಿ, ಒಂದೂ ಅಳಿಸದ ಹಾಗೆ ಸೆಟ್ಟಿಂಗ್ ಮಾಡಿ ಪಾಪ್‌ನಲ್ಲೇ ಮುಂದುವರಿಯಬಾರದೇ? ಮುಂದುವರಿಯಬಹುದು. ಒಂದೊಂದು ಮೇಲ್‌ಗೂ ಸರ್ವರ್ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಯಾವುದನ್ನು ತಂದಾಯಿತು ಎಂದು ನಿಮ್ಮ ಪ್ರೋಗ್ರಾಮ್ ಆ ಸಂಖ್ಯೆಗಳ ಪಟ್ಟಿ ಇಟ್ಟುಕೊಳ್ಳುತ್ತದೆ. ಹೊಸ ಕಂಪ್ಯೂಟರ್ ತಂದಿರಿ ಅಂದುಕೊಳ್ಳಿ. ಅದರಲ್ಲಿ ಆ ಪಟ್ಟಿ ಇಲ್ಲ. ಇದ್ದ ಮೇಲ್ ಎಲ್ಲ ಮೊದಲಿನಿಂದ ಇಳಿಯುತ್ತದೆ, ಮೂರು ವರ್ಷ ಹಿಂದೆ ಓದಿದ್ದೂ ಹೊಸದರ ಹಾಗೆ ದಪ್ಪ ಅಕ್ಷರದಲ್ಲಿ ಬಂದು ಕೂರುತ್ತದೆ. ಆಫೀಸಿನಲ್ಲಿ ಓದಿದ್ದನ್ನು ಮನೆಯಲ್ಲಿ ಮತ್ತೆ ಓದಬೇಕು, ಫೋನಿನಲ್ಲಿ ಮೂರನೇ ಸಲ. ಕಳಿಸಿದ ಮೇಲ್‌ನ ತೊಂದರೆಯಂತೂ ಹಾಗೆಯೇ ಉಳಿಯುತ್ತದೆ.

ಪಾಪ್ ಬಳಸುವವರು ತಿಳಿದುಕೊಳ್ಳಲೇಬೇಕಾದ ಇನ್ನೊಂದು ವಿಷಯ ಇದೆ. ಪಾಪ್‌ಗೆ ಕಾಣುವುದು ಇನ್‌ಬಾಕ್ಸ್ ಒಂದೇ. ಸರ್ವರಿನಲ್ಲಿ ಸ್ಪ್ಯಾಮ್ ಫೋಲ್ಡರ್ ಇದ್ದು, ಹೊಸ ಪಾರ್ಟಿಯ ವಿಚಾರಣೆ ಅದಕ್ಕೆ ಬಿದ್ದರೆ, ಅದು ನಿಮ್ಮ ಔಟ್‌ಲುಕ್‌ಗೆ ಎಂದೂ ಬರುವುದಿಲ್ಲ. ಔಟ್‌ಲುಕ್‌ನ ಜಂಕ್ ಫೋಲ್ಡರಿನಲ್ಲಿ ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಅದು ಬೇರೆ, ಸರ್ವರಿನದ್ದು ಬೇರೆ. ಬ್ರೌಸರಿನಲ್ಲಿ ವೆಬ್‌ಮೇಲ್ ತೆರೆದು ನೋಡಬೇಕು. ಇವತ್ತು ಸಂಜೆಯೇ ಒಮ್ಮೆ ನೋಡಿ. 'ಮೇಲ್ ಹಾಕಿದ್ದೆವು, ನೀವು ಉತ್ತರವೇ ಕೊಡಲಿಲ್ಲ' ಎಂದು ಯಾರಾದರೂ ಹೇಳಿದ್ದರೆ ಅದು ಅಲ್ಲಿ ಇರಬಹುದು.

ಡಿಸ್ಕಿನ ವಿಷಯದಲ್ಲಿ ನಾನು ಇಷ್ಟು ಹೆದರುವುದಕ್ಕೆ ಕಾರಣ ಇದೆ. ತುಂಬಾ ವರ್ಷದ ಹಿಂದಿನ ಮಾತು. ಮಂಗಳೂರಿನ ಬಂದರ್ ಕಡೆ ಒಂದು ಸಣ್ಣ ಆಫೀಸಿನವರು ಫೋನ್ ಮಾಡಿ ಬರಹೇಳಿದರು. ಮೇ ತಿಂಗಳು, ನಮ್ಮ ತುಳುನಾಡಿನ ಪತ್ತನಾಜೆ ಆಚರಣೆಗೆ ಇನ್ನೂ ನಾಲ್ಕೈದು ದಿನ ಇತ್ತು. ಹಿಂದಿನ ಸಂಜೆ ಆ ಹೊತ್ತಿನಲ್ಲಿ ಬರುವ ಗುಡುಗು ಮಳೆ ಬಂದಿತ್ತು. ಕರೆಂಟಿನ ಪ್ಲಗ್ ಎಲ್ಲ ಜಾಗ್ರತೆಯಿಂದ ತೆಗೆದಿದ್ದರು, ಟೆಲಿಫೋನಿನ ವಯರ್ ತೆಗೆಯಲು ಮರೆತಿದ್ದರು. ಸಿಡಿಲು ಆ ವಯರಿನಲ್ಲೇ ಬಂದು ಮೋಡೆಮ್ ದಾಟಿ ಕಂಪ್ಯೂಟರಿನ ಒಳಗೆ ಹೋಗಿತ್ತು. ಡಬ್ಬಿ ತೆರೆದಾಗ ಸುಟ್ಟ ವಾಸನೆ ಇನ್ನೂ ಇತ್ತು. ಡಿಸ್ಕ್ ಹಾಕಿದರೆ ತಿರುಗುವ ಸದ್ದೇ ಇಲ್ಲ. ಸರ್ವರಿಗೆ ಲಾಗಿನ್ ಆಗಿ ನೋಡಿದೆ. ಸಿಡಿಲು ಬಡಿದ ಮೇಲೆ ಬಂದ ನಾಲ್ಕು ಮೇಲ್ ಇತ್ತು, ಬೇರೆ ಏನೂ ಇರಲಿಲ್ಲ. ಪಾಪ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು, ಪ್ರತಿ ದಿನ ಎಲ್ಲವನ್ನೂ ತಂದು ಆ ಡಿಸ್ಕಿಗೆ ಹಾಕಿ ಸರ್ವರ್ ಖಾಲಿ ಮಾಡಿತ್ತು. ಅಲ್ಲಿನ ಯಜಮಾನರು ಒಂದು ಮಾತೂ ಆಡದೆ ಕುರ್ಚಿಯಲ್ಲಿ ಕೂತಿದ್ದರು. ಆ ದಿನದಿಂದ ಯಾವ ಆಫೀಸಿಗೆ ಹೋದರೂ ನಾನು ಮೊದಲು ನೋಡುವುದು ಪಾಪ್ ಇದೆಯೇ ಎಂದು.

ಈಗ ಐಮ್ಯಾಪ್‌ಗೆ ಬರೋಣ. ಇದನ್ನು ಶುರುಮಾಡಿದವರು ಮಾರ್ಕ್ ಕ್ರಿಸ್ಪಿನ್, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, 1986ರಲ್ಲಿ. ಅಂದರೆ ಪಾಪ್‌ಗಿಂತ ಎರಡೇ ವರ್ಷ ಚಿಕ್ಕದು. 'ಹಳತು ಪಾಪ್, ಹೊಸತು ಐಮ್ಯಾಪ್' ಎಂದು ಹೇಳುವುದು ಸರಿಯಲ್ಲ. ಇವೆರಡೂ ಒಂದೇ ಕಾಲದ ಎರಡು ಬೇರೆ ಯೋಚನೆ. ಒಬ್ಬನೇ ಮನುಷ್ಯ ಬೇರೆ ಬೇರೆ ಮೆಷಿನ್‌ಗಳಿಂದ ಒಂದೇ ಮೇಲ್‌ಬಾಕ್ಸ್ ನೋಡಬೇಕು ಎಂದರೆ ಮೇಲ್ ಸರ್ವರಿನಲ್ಲೇ ಇರಬೇಕು ಎನ್ನುವುದು ಐಮ್ಯಾಪ್‌ನ ಯೋಚನೆ. ಫೋನು ಬಂದ ಮೇಲೆ ಎಲ್ಲರಿಗೂ ಅದು ಬೇಕಾಯಿತು. ನಾಲ್ಕನೇ ಆವೃತ್ತಿ 1994ರದ್ದು. 2003ರಲ್ಲಿ ತಿದ್ದಿದ್ದು ಜಾಸ್ತಿ ಕಡೆ ನಡೆಯುತ್ತಿದೆ, 2021ರಲ್ಲಿ ಇನ್ನೊಮ್ಮೆ ತಿದ್ದಿದ್ದಾರೆ.

ಇದರ ಮಾತುಕತೆ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಲಾಗಿನ್ ಆದ ಮೇಲೆ ಫೋನು ಕೇಳುವುದು 'ಲಿಸ್ಟ್', ಯಾವ ಯಾವ ಫೋಲ್ಡರ್ ಇದೆ ಹೇಳು. ಇನ್‌ಬಾಕ್ಸ್, ಸೆಂಟ್, ಡ್ರಾಫ್ಟ್ಸ್, ಮಂಗಳೂರಿನ ಬಂದರಿನ ಕೆಲಸಕ್ಕೆ 'ಪಣಂಬೂರು ಕ್ಲಿಯರಿಂಗ್' ಎಂದು ನೀವೇ ಮಾಡಿದ ಫೋಲ್ಡರ್, ಎಲ್ಲ ಬರುತ್ತದೆ. 'ಸೆಲೆಕ್ಟ್ ಇನ್‌ಬಾಕ್ಸ್' ಅಂದರೆ ಸರ್ವರ್ 'ಇಲ್ಲಿ 4312 ಮೇಲ್ ಇದೆ' ಅನ್ನುತ್ತದೆ. ಆಗ ಫೋನು 4312ನ್ನೂ ತರುವುದಿಲ್ಲ. 'ಫೆಚ್' ಎಂದು ಕೊನೆಯ 50ರ ಹೆಡರ್ ಮಾತ್ರ ಕೇಳುತ್ತದೆ: ಯಾರದ್ದು, ಯಾವಾಗ, ಏನು ವಿಷಯ. ಒಂದೊಂದು ಮಾತಿನ ಮುಂದೆಯೂ ಎ1, ಎ2 ಎಂದು ಟೋಕನ್ ಹಚ್ಚುತ್ತದೆ. ಉಡುಪಿಯ ಸೆಲ್ಫ್ ಸರ್ವಿಸ್ ಹೋಟೆಲಿನಲ್ಲಿ ಮಸಾಲೆದೋಸೆಯ ಟೋಕನ್ ಕೊಟ್ಟು, ಅದು ಬರುವ ಮೊದಲೇ ಕಾಫಿಯ ಟೋಕನನ್ನೂ ಕೊಡುತ್ತೇವಲ್ಲ, ಹಾಗೆ. ಒಂದು ಕೆಲಸ ಮುಗಿಯಲಿ ಎಂದು ಕಾಯದೆ ಇನ್ನೊಂದನ್ನು ಹೇಳಬಹುದು, ಯಾವ ಉತ್ತರ ಯಾವುದಕ್ಕೆ ಎಂದು ಟೋಕನಿನಿಂದ ತಿಳಿಯುತ್ತದೆ.

ಮೇಲ್‌ನ ಒಳಗೆ ಏನೇನು ತುಂಡುಗಳಿವೆ ಎಂದು ಸಹ ಐಮ್ಯಾಪ್ ಮೊದಲೇ ಕೇಳಬಲ್ಲದು. ನಿಮ್ಮ ವ್ಯವಹಾರದಲ್ಲಿ ಇದು ದೊಡ್ಡ ಉಪಕಾರ. ಆಫ್ರಿಕಾದಿಂದ ಕಚ್ಚಾ ಗೇರುಬೀಜ ಬರುವಾಗ ಬಿಲ್ ಆಫ್ ಲೇಡಿಂಗ್, ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಮುಂತಾದ ಸರಕಿನ ಕಾಗದ ಎಲ್ಲ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಮೇಲ್‌ನಲ್ಲಿ ಅಟ್ಯಾಚ್‌ಮೆಂಟ್ ಅಕ್ಷರಗಳ ರೂಪದಲ್ಲಿ ಹೋಗಬೇಕಾದ್ದರಿಂದ ಪ್ರತಿ 3 ಬೈಟ್ 4 ಆಗುತ್ತದೆ. 9 ಎಂಬಿಯ ಸ್ಕ್ಯಾನ್ ದಾರಿಯಲ್ಲಿ 12 ಎಂಬಿ ದಾಟುತ್ತದೆ. ಮಗಳು ಆಗುಂಬೆ ಘಾಟಿಯಲ್ಲಿ ಕಾರಿನಲ್ಲಿದ್ದಾಳೆ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದೆ ಅಂದುಕೊಳ್ಳಿ. ಪಾಪ್ ಆದರೆ ಸಾಮಾನ್ಯವಾಗಿ ಆ 12 ಎಂಬಿ ಪೂರ್ತಿ ಇಳಿದ ಮೇಲೆಯೇ ಮೇಲ್ ಕೈಗೆ ಸಿಗುತ್ತದೆ. ಐಮ್ಯಾಪ್‌ನಲ್ಲಿ ಫೋನು ಬರೆದ ನಾಲ್ಕು ಸಾಲು ಮಾತ್ರ ಮೊದಲು ತರಬಹುದು, ಸ್ಕ್ಯಾನ್ ಬೇಕಾದರೆ ಮುಟ್ಟಿದಾಗ ತರುತ್ತದೆ. 'ಕಂಟೇನರ್ ಪಣಂಬೂರಿಗೆ ಬಂತು' ಎನ್ನುವುದು ತಿಳಿದರೆ ಆ ಹೊತ್ತಿಗೆ ಸಾಕಲ್ಲ.

ಇನ್ನು ಗುರುತುಗಳು. ಓದಿದ್ದಕ್ಕೆ 'ಸೀನ್', ಉತ್ತರ ಕೊಟ್ಟದ್ದಕ್ಕೆ 'ಆನ್ಸರ್ಡ್', ನಕ್ಷತ್ರ ಹಾಕಿದ್ದಕ್ಕೆ 'ಫ್ಲ್ಯಾಗ್ಡ್'. ಈ ಗುರುತು ಕೂರುವುದು ಸರ್ವರಿನಲ್ಲಿರುವ ಅಸಲಿನ ಮೇಲೆ. ನೀವು ಆಫೀಸಿನಲ್ಲಿ ಉತ್ತರ ಕೊಟ್ಟ ಕೂಡಲೇ ಆ ಮೇಲ್‌ಗೆ ಆನ್ಸರ್ಡ್ ಗುರುತು ಬೀಳುತ್ತದೆ. ಮಗಳ ಫೋನಿನಲ್ಲಿ ಅದರ ಪಕ್ಕ ಬಾಣದ ಗುರುತು ಕಾಣುತ್ತದೆ. ನೀವು ಕೊಟ್ಟ ರೇಟು ಎಷ್ಟು ಎಂದು ಸೆಂಟ್ ಫೋಲ್ಡರಿನಲ್ಲಿ ಇರುತ್ತದೆ. ಎರಡು ರೇಟಿನ ಕಥೆ ಅಲ್ಲಿಗೆ ಮುಗಿಯಿತು.

ಆ ಸೆಂಟ್ ಪ್ರತಿ ಹೇಗೆ ಬರುತ್ತದೆ ಎನ್ನುವುದೂ ಗೊತ್ತಿರಲಿ. ಮೇಲ್ ಎಸ್‌ಎಂಟಿಪಿಯಲ್ಲಿ ಒಮ್ಮೆ ಪಾರ್ಟಿಯ ಕಡೆ ಹೊರಡುತ್ತದೆ. ಅದೇ ಮೇಲ್‌ನ ಇನ್ನೊಂದು ಪ್ರತಿಯನ್ನು ನಿಮ್ಮ ಪ್ರೋಗ್ರಾಮ್ ಐಮ್ಯಾಪ್ ಮೂಲಕ ಸರ್ವರಿನ ಸೆಂಟ್ ಫೋಲ್ಡರಿಗೆ ಏರಿಸುತ್ತದೆ. ಅಂದರೆ ಆ ಅಟ್ಯಾಚ್‌ಮೆಂಟ್ ನಿಮ್ಮ ಲೈನಿನಲ್ಲಿ ಎರಡು ಸಲ ಹೋಗುತ್ತದೆ. ಬದಲಿಸಿದ ಮೇಲೆ 'ಮೊದಲಿಗಿಂತ ಕಳಿಸುವುದು ನಿಧಾನ' ಅನಿಸಿದರೆ ಕಾರಣ ಇದು. ಹೊಸ ಮೇಲ್ ಬಂದದ್ದು ಮಾತ್ರ ಬೇಗ ಗೊತ್ತಾಗುತ್ತದೆ. ಪಾಪ್ ಹತ್ತು ನಿಮಿಷಕ್ಕೊಮ್ಮೆ ಹೋಗಿ 'ಬಂತಾ' ಎಂದು ಕೇಳಬೇಕು. ಐಮ್ಯಾಪ್‌ನಲ್ಲಿ 'ಐಡಲ್' ಎಂಬ ಏರ್ಪಾಡು ಇದೆ: ಲೈನ್ ತೆರೆದಿಟ್ಟು ಸುಮ್ನೆ ಕಾಯುವುದು, ಬಂದಾಗ ಸರ್ವರೇ ಹೇಳುತ್ತದೆ.

ಐಮ್ಯಾಪ್‌ನಲ್ಲಿ ಅಪಾಯ ಇಲ್ಲವೇ? ಇದೆ. ರಿಪೇರಿಯವರು ಇದನ್ನು ಹೇಳುವುದು ಕಡಿಮೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೊಸೈಟಿಯ ಲೆಡ್ಜರ್ ಮತ್ತು ನಿಮ್ಮ ಕೈಯ ಪಾಸ್‌ಬುಕ್ ನೆನಪು ಮಾಡಿಕೊಳ್ಳಿ. ಪಾಸ್‌ಬುಕ್ ಮಳೆಗೆ ಒದ್ದೆಯಾಗಿ ಹಾಳಾದರೂ ದುಡ್ಡು ಹೋಗುವುದಿಲ್ಲ, ಲೆಡ್ಜರ್ ನೋಡಿ ಇನ್ನೊಂದು ಬರೆದುಕೊಡುತ್ತಾರೆ. ಆದರೆ ಲೆಡ್ಜರಿನಲ್ಲಿ ಅಳಿಸಿದ ಸಾಲು ಮುಂದಿನ ಸಲ ಪಾಸ್‌ಬುಕ್‌ನಲ್ಲೂ ಇರುವುದಿಲ್ಲ. ಐಮ್ಯಾಪ್‌ನಲ್ಲಿ ನಿಮ್ಮ ಎಲ್ಲ ಮೆಷಿನ್‌ಗಳೂ ಪಾಸ್‌ಬುಕ್. ಫೋನಿನಲ್ಲಿ ಡಿಲೀಟ್ ಒತ್ತಿದರೆ ಅಳಿಯುವುದು ಲೆಡ್ಜರಿನ ಸಾಲು.

ಉಡುಪಿಯಲ್ಲಿ ನನಗೆ ಪರಿಚಯದ ಒಬ್ಬರಿಗೆ ಹೀಗೇ ಆಯಿತು. ಅವರ ಫೋನಿನಲ್ಲಿ ಜಾಗ ಇಲ್ಲ ಎಂದು ಬರುತ್ತಿತ್ತು. ಮನೆಯ ಹುಡುಗ ಸಹಾಯ ಮಾಡಲು ಹೋಗಿ ಎರಡು ವರ್ಷಕ್ಕಿಂತ ಹಳೆಯ ಮೇಲ್ ಎಲ್ಲ ಆರಿಸಿ ಅಳಿಸಿದ. ಅವರ ಸರ್ವರಿನಲ್ಲಿ ಅಳಿಸಿದ್ದು ಹೋಗಿ ಬೀಳುವ ಟ್ರ್ಯಾಷ್ ಫೋಲ್ಡರ್ 30 ದಿನಕ್ಕೆ ತಾನಾಗಿ ಖಾಲಿಯಾಗುತ್ತಿತ್ತು. ಆಡಿಟರ್ ಹಳೆ ಬಿಲ್ ಕೇಳಿದ್ದು ಎರಡು ತಿಂಗಳ ಮೇಲೆ. ಆಫೀಸ್ ಕಂಪ್ಯೂಟರ್ ತೆರೆದರೆ ಅಲ್ಲೂ ಇಲ್ಲ. 'ಆಫೀಸಿನದ್ದು ಬೇರೆ ಅಲ್ವಾ ಮಾರಾಯ್ರೆ, ನಾವು ಅಳಿಸಿದ್ದು ಫೋನಿನಲ್ಲಿ' ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದರು. ಅದನ್ನು ವಿವರಿಸುವಾಗ ನನಗೇ ಬೇಸರವಾಯಿತು. ಮಗಳಿಗೆ ಮೊದಲ ದಿನವೇ ಹೇಳಿಬಿಡಿ: ಫೋನಿನಲ್ಲಿ ಜಾಗ ಬೇಕಾದರೆ ಮೇಲ್ ಅಳಿಸಬಾರದು, ಎಷ್ಟು ದಿನದ ಮೇಲ್ ಇಟ್ಟುಕೊಳ್ಳಬೇಕು ಎಂಬ ಸೆಟ್ಟಿಂಗ್ ಕಡಿಮೆ ಮಾಡಬೇಕು. ಆಗ ನಕಲು ಮಾತ್ರ ಹೋಗುತ್ತದೆ.

ಇದೇ ಕಾರಣಕ್ಕೆ, ಐಮ್ಯಾಪ್ ಹಾಕಿದ ಮೂರು ಮೆಷಿನ್ ಇದೆ ಅಂದರೆ ಮೂರು ಬ್ಯಾಕಪ್ ಇದೆ ಎಂದಲ್ಲ. ಒಂದೂ ಇಲ್ಲ. ಔಟ್‌ಲುಕ್‌ನಲ್ಲಿ ಎಷ್ಟು ತಿಂಗಳ ಮೇಲ್ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕು ಎಂಬ ಸೆಟ್ಟಿಂಗ್ ಒಂದು ಬೇರೆ ಇದೆ. ಅದು 3 ತಿಂಗಳಿಗೆ ಇದ್ದರೆ ಹಳೆಯದ್ದು ನಿಮ್ಮ ಡಿಸ್ಕಿನಲ್ಲಿ ಇರುವುದೇ ಇಲ್ಲ.

ಹಾಗಾದರೆ ನಿಮಗೆ ಯಾವುದು? ಮೂರು ಮೆಷಿನ್, ಇಬ್ಬರು ಜನ, ಒಂದು ಮೇಲ್‌ಬಾಕ್ಸ್. ಐಮ್ಯಾಪ್ ಬಿಟ್ಟು ಬೇರೆ ಮಾತಿಲ್ಲ. ಆದರೆ ಪಾಪ್ ಬೇಡವೇ ಬೇಡ ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಅದಕ್ಕೆ ಒಂದು ಒಳ್ಳೆಯ ಕೆಲಸ ಇದೆ, ಕೊನೆಗೆ ಹೇಳುತ್ತೇನೆ.

ಬದಲಿಸುವ ಕ್ರಮ ಹೀಗಿರಲಿ. ಮೊದಲು ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಂದು, ಔಟ್‌ಲುಕ್ ಮುಚ್ಚಿ, ಅದು ಮೇಲ್ ಕೂಡಿಡುವ ಪಿಎಸ್‌ಟಿ ಫೈಲ್ ಪೂರ್ತಿ ಕಾಪಿ ಮಾಡಿ. ಲ್ಯಾಪ್‌ಟಾಪಿನ ಥಂಡರ್‌ಬರ್ಡ್ ಪ್ರೊಫೈಲ್ ಫೋಲ್ಡರನ್ನೂ ಕಾಪಿ ಮಾಡಿ. ಆ ಡಿಸ್ಕ್ ಬಿಚ್ಚಿ ಮನೆಗೆ ಒಯ್ಯಿರಿ, ಆಫೀಸಿನಲ್ಲಿ ಇಡಬೇಡಿ. ಪ್ಲಗ್‌ಗೆ ಸಿಕ್ಕಿಸಿದ ಬ್ಯಾಕಪ್‌ಗೂ ಸಿಡಿಲು ಬಡಿಯುತ್ತದೆ. ಇಷ್ಟಾಗದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬಾರದು.

ಆಮೇಲೆ ಹಳೆಯ ಪಾಪ್ ಅಕೌಂಟಿನಲ್ಲಿ 14 ದಿನದ ಆ ಗುರುತು ತೆಗೆಯಿರಿ, ಸರ್ವರಿನಿಂದ ಅಳಿಸುವುದು ನಿಲ್ಲಲಿ. ಔಟ್‌ಲುಕ್‌ನಲ್ಲಿ ಪಾಪ್ ಅಕೌಂಟನ್ನೇ ಐಮ್ಯಾಪ್ ಆಗಿ ತಿರುಗಿಸಲು ಬರುವುದಿಲ್ಲ. ಅದೇ ವಿಳಾಸಕ್ಕೆ ಐಮ್ಯಾಪ್ ಅಕೌಂಟ್ ಒಂದನ್ನು ಹೊಸದಾಗಿ ಪಕ್ಕದಲ್ಲೇ ಸೇರಿಸಬೇಕು. ಎರಡೂ ಒಟ್ಟಿಗೆ ಇರುತ್ತವೆ. ಹಳೆಯದನ್ನು ಈಗಲೇ ತೆಗೆಯಲು ಹೋಗಬೇಡಿ.

ಇನ್ನು 11 ಜಿಬಿಯ ಪ್ರಶ್ನೆ. ಅದು 5 ಜಿಬಿಯಲ್ಲಿ ಹಿಡಿಸುವುದಿಲ್ಲ. ಜಾಗ ಹೆಚ್ಚಿಸಿಕೊಳ್ಳಬಹುದು, ಖರ್ಚಿನ ವಿಷಯ ನಿಮಗೆ ಬಿಟ್ಟದ್ದು. ನನ್ನ ಸಲಹೆ, ಈಚಿನ ಎರಡು ವರ್ಷದ್ದನ್ನು ಮಾತ್ರ ಸರ್ವರಿಗೆ ಏರಿಸಿ. ಹಳೆಯ ಫೋಲ್ಡರಿನಿಂದ ಮೂರು ಮೂರು ತಿಂಗಳ ಮೇಲ್ ಆರಿಸಿ ಐಮ್ಯಾಪ್ ಫೋಲ್ಡರಿಗೆ ಕಾಪಿ ಮಾಡಿ. ಮೂವ್ ಮಾಡಬೇಡಿ, ಕಾಪಿ. ನಡುವೆ ಲೈನ್ ಕಡಿದರೆ ಮೂವ್‌ನಲ್ಲಿ ಯಾವುದು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ರಾತ್ರಿ ಹಾಕಿಬಿಟ್ಟರೆ ಬೆಳಿಗ್ಗೆಗೆ ಆಗಿರುತ್ತದೆ. ಎರಡೂ ಕಡೆಯ ಲೆಕ್ಕ ಸರಿಯಿದೆಯೇ ಎಂದು ನೋಡಿಯೇ ಮುಂದಿನ ಮೂರು ತಿಂಗಳು. ಸೆಂಟ್ ಫೋಲ್ಡರ್ ಮರೆಯಬೇಡಿ, ಜಾಸ್ತಿ ಜನ ಮರೆಯುವುದು ಅದನ್ನೇ. ಎರಡು ವರ್ಷಕ್ಕಿಂತ ಹಳೆಯದು ಪಿಎಸ್‌ಟಿಯಲ್ಲೇ ಇರಲಿ, ಆದರೆ ಎರಡು ಬೇರೆ ಡಿಸ್ಕಿನಲ್ಲಿ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ನಿಮ್ಮ ಎಷ್ಟೋ ಬಿಲ್ಲುಗಳು ಮೇಲ್‌ನಲ್ಲಿ ಬಂದವೇ ಆಗಿರುತ್ತವೆ.

ಸೆಟ್ಟಿಂಗ್ ಹಾಕುವಾಗ ಐಮ್ಯಾಪ್‌ಗೆ 993ನೇ ಪೋರ್ಟ್ (ಸರ್ವರಿನ ಬಾಗಿಲಿನ ನಂಬರ್ ಅಂದುಕೊಳ್ಳಿ), ಪಾಪ್ ಉಳಿದಲ್ಲಿ 995. ಹಳೆಯ ಸೆಟ್ಟಿಂಗ್‌ನಲ್ಲಿ 143 ಅಥವಾ 110 ಇದ್ದು ಎನ್‌ಕ್ರಿಪ್ಷನ್ ಇಲ್ಲ ಎಂದಿದ್ದರೆ ನಿಮ್ಮ ಪಾಸ್‌ವರ್ಡ್ ಬರಿಗಣ್ಣಿಗೆ ಓದುವ ಹಾಗೆ ಲೈನಿನಲ್ಲಿ ಹೋಗುತ್ತಿದೆ ಎಂದರ್ಥ. ಬದಲಿಸಿದ ಮೇಲೆ ಪಾಸ್‌ವರ್ಡನ್ನೂ ಬದಲಿಸಿ. ಕಳಿಸುವುದಕ್ಕೆ 465 ಅಥವಾ 587, ಯಾವುದು ಎಂದು ಮೇಲ್ ಕೊಟ್ಟವರು ಹೇಳುತ್ತಾರೆ.

ಈಗ ಪಾಪ್‌ಗೆ ಉಳಿದ ಕೆಲಸ. ಮನೆಯ ಲ್ಯಾಪ್‌ಟಾಪಿನ ಥಂಡರ್‌ಬರ್ಡ್‌ನಲ್ಲಿ ಹಳೆಯ ಪಾಪ್ ಅಕೌಂಟ್ ಹಾಗೇ ಇರಲಿ. ಸರ್ವರಿನಲ್ಲಿ ಪ್ರತಿ ಬಿಡಬೇಕು, ಎಂದೂ ಅಳಿಸಬಾರದು ಎಂದು ಸೆಟ್ಟಿಂಗ್ ಮಾಡಿ. ಮೇಲ್ ಓದಲು ಅದನ್ನು ಬಳಸಬೇಡಿ, ಓದಲು ಅಲ್ಲೂ ಐಮ್ಯಾಪ್ ಅಕೌಂಟ್ ಬೇರೆ ಹಾಕಿಕೊಳ್ಳಿ. ಪಾಪ್ ಅಕೌಂಟ್ ದಿನವೂ ಬಂದ ಮೇಲ್‌ನ ಒಂದು ಪ್ರತಿ ತಂದು ತನ್ನ ಹತ್ತಿರ ಇಡುತ್ತಾ ಹೋಗುತ್ತದೆ. ನಾಳೆ ಯಾರಾದರೂ ಫೋನಿನಲ್ಲಿ ಕೈತಪ್ಪಿ ಅಳಿಸಿದರೂ ಈಗಾಗಲೇ ಇಳಿದ ಪ್ರತಿ ಅಲ್ಲೇ ಇರುತ್ತದೆ, ಯಾಕೆಂದರೆ ಒಮ್ಮೆ ತಂದದ್ದರ ಮೇಲೆ ಸರ್ವರಿನ ಮಾತು ನಡೆಯುವುದಿಲ್ಲ. ಪಾಪ್‌ನ ಕೊರತೆಯೇ ಇಲ್ಲಿ ಅನುಕೂಲ. ಕಳಿಸಿದ ಮೇಲ್ ಮಾತ್ರ ಹೀಗೆ ಬರುವುದಿಲ್ಲ, ಅದಕ್ಕೆ ತಿಂಗಳಿಗೊಮ್ಮೆ ಐಮ್ಯಾಪ್‌ನ ಸೆಂಟ್ ಫೋಲ್ಡರನ್ನು ಥಂಡರ್‌ಬರ್ಡ್‌ನ ಲೋಕಲ್ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ.

ಎಲ್ಲ ಮುಗಿಯಿತೇ ಎಂದು ನೋಡುವುದು ಸುಲಭ. ಮಗಳು ಫೋನಿನಿಂದ ಒಂದು ಮೇಲ್ ಕಳಿಸಲಿ. ನೀವು ಆಫೀಸಿನ ಔಟ್‌ಲುಕ್‌ನಲ್ಲಿ ಸೆಂಟ್ ಫೋಲ್ಡರ್ ತೆರೆದು ಕೂತಿರಿ. ಅದು ಅಲ್ಲಿ ಕಂಡರೆ, ಆ ದಿನ ಆಫೀಸಿನ ಪಾಪ್ ಅಕೌಂಟ್ ನಿಲ್ಲಿಸಬಹುದು.